ಚೀಟಿ ತೋರಿಸಿ ಎನ್ನುವ ಮೆಡಿಕಲ್ಸ್

ಶಿವಮೊಗ್ಗದ ವಿನೋಬನಗರದಲ್ಲಿ, ನೂರು ಅಡಿ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಹಾಲಿನ ಬೂತಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಇರುವ ಮೆಡಿಕಲ್ಸ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ನಾನು ಅಲ್ಲಿ ಕೊಳ್ಳುವುದು ಖಿನ್ನತೆಯ ಮಾತ್ರೆ; ಯಾರು ಎಲ್ಲಿ ಅದನ್ನು ಕೊಳ್ಳುತ್ತಾರೆಂದು ಬೀದಿಗೆ ಸಾರುವ ಕೆಲಸ ನನಗೆ ಬೇಡ. ಆ ಭಾಗದವರಿಗೆ ಇಷ್ಟು ಗುರುತು ಸಾಕು. ಉಳಿದವರು ತಮ್ಮ ಊರಿನ ಅಂಗಡಿಯನ್ನು ಇದರ ಪಕ್ಕಕ್ಕಿಟ್ಟು ನೋಡಿಕೊಳ್ಳಬಹುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಅಂಕವನ್ನು ಸುಮ್ಮನೆ ಕೊಡುವವಳಲ್ಲ, ಕಳೆದ ಒಂದು ಅಂಕ ಎಲ್ಲಿ ಹೋಯಿತೆಂದೂ ಹೇಳುತ್ತೇನೆ.

ನನ್ನ ಮಾತ್ರೆ ಎಸಿಟಲೋಪ್ರಾಮ್. ಮೊದಲು ಐದು ಮಿಲಿಗ್ರಾಂ, ಆಮೇಲೆ ಹತ್ತು. ವಯಸ್ಕರಿಗೆ ಇಪ್ಪತ್ತರವರೆಗೂ ಕೊಡುವುದುಂಟು, ನನ್ನ ವಯಸ್ಸಿಗೆ ಹತ್ತರಲ್ಲೇ ನಿಲ್ಲಿಸುತ್ತಾರೆ. ಯಜಮಾನರು ತೀರಿಕೊಂಡ ನಂತರ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಗೋಡೆ ನೋಡುತ್ತ ಕೂರುವುದು ಅಭ್ಯಾಸವಾಗಿಬಿಟ್ಟಿತ್ತು. ಊಟದ ರುಚಿ, ಪೇಪರಿನ ಪದಬಂಧ, ಪಕ್ಕದ ಮನೆಯ ಮಗು, ಯಾವುದೂ ಬೇಡವಾಗಿತ್ತು. ಮನೋವೈದ್ಯರು ನೋಡಿ ಬರೆದುಕೊಟ್ಟರು. ನನ್ನ ಓರಗಿತ್ತಿ ಇದನ್ನು ಇವತ್ತಿಗೂ ‘ನಿದ್ರೆ ಮಾತ್ರೆ’ ಎಂದೇ ಕರೆಯುತ್ತಾಳೆ. ನಿದ್ರೆ ಮಾತ್ರೆಯಲ್ಲ ಇದು, ನುಂಗಿದ ರಾತ್ರಿಯೇ ಏನೂ ಆಗುವುದಿಲ್ಲ ಎಂದು ಹೇಳಿ ಹೇಳಿ ನನಗೇ ನಿದ್ರೆ ಬಂದಿದೆ.

ಮೊದಲ ಸಲ ಚೀಟಿ ಹಿಡಿದು ಹೋದಾಗ ಕೌಂಟರಿನಲ್ಲಿದ್ದವರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಅವರೇ ಅಲ್ಲಿಯ ಫಾರ್ಮಸಿಸ್ಟ್. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು ಇದೆ. ಎಷ್ಟೋ ಅಂಗಡಿಗಳಲ್ಲಿ ಸರ್ಟಿಫಿಕೇಟು ಮಾತ್ರ ಗೋಡೆಯ ಮೇಲಿರುತ್ತದೆ, ಅದರ ಒಡೆಯರು ಬೇರೆಲ್ಲೋ ಇರುತ್ತಾರೆ. ಇವರು ಎದುರಿಗೇ ಇದ್ದರು. ಚೀಟಿಯನ್ನು ಪೂರ್ತಿ ಓದಿದರು. ಸ್ಟ್ರಿಪ್ ತೆಗೆಯಲು ಒಳಗೆ ಹೋಗುವ ಬದಲು ನನ್ನನ್ನೇ ಕೇಳಿದರು:

“ಮೇಡಂ, ಬಿ.ಪಿ.ಗೆ ಏನು ತೆಗೆದುಕೊಳ್ಳುತ್ತಿದ್ದೀರಿ?”

ಬಿ.ಪಿ. ಇದೆ ಎಂದು ನಾನು ಹೇಳಿರಲಿಲ್ಲ. ಈ ವಯಸ್ಸಿನವರಿಗೆ ಇದ್ದೇ ಇರುತ್ತದೆ ಎಂಬ ಅಂದಾಜಿರಬೇಕು. ಚೀಲದಲ್ಲಿದ್ದ ಸ್ಟ್ರಿಪ್ ತೋರಿಸಿದೆ. ಟೆಲ್ಮಿಸಾರ್ಟಾನ್ ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ. ಅದನ್ನು ಬರೆದವರು ಬೇರೆ ಡಾಕ್ಟರು, ಬೇರೆ ಆಸ್ಪತ್ರೆ. ಫಾರ್ಮಸಿಸ್ಟ್ ಚೀಟಿಯ ಹಿಂಬದಿಯಲ್ಲಿ ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು, “ಇದನ್ನು ಮನೋವೈದ್ಯರಿಗೆ ತೋರಿಸಿ. ರಕ್ತದ ಸೋಡಿಯಂ ಪರೀಕ್ಷೆ ಬೇಕೇ ಎಂದು ಕೇಳಿ” ಎಂದರು. ಮೂತ್ರ ಹೆಚ್ಚಿಸುವ ಈ ಬಿ.ಪಿ. ಮಾತ್ರೆಯೂ ಸೋಡಿಯಂ ಇಳಿಸಬಲ್ಲದು, ಎಸಿಟಲೋಪ್ರಾಮ್ ಜಾತಿಯ ಮಾತ್ರೆಗಳೂ ಇಳಿಸಬಲ್ಲವು; ಎರಡೂ ಸೇರಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಮೊದಲ ಕೆಲವು ವಾರ ಕಣ್ಣಿಟ್ಟಿರಬೇಕು. ಸುಸ್ತು, ತಲೆನೋವು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ. ಅರವತ್ತು ದಾಟಿದವರಲ್ಲಿ ಇವು ಕಾಣಿಸಿದರೆ ಮನೆಯವರು ಏನೆನ್ನುತ್ತಾರೆ? ಅರಳುಮರಳು ಎನ್ನುತ್ತಾರೆ. ಸೋಡಿಯಂ ಎಂದು ಯಾರಿಗೂ ಹೊಳೆಯುವುದಿಲ್ಲ.

ಮನೋವೈದ್ಯರು ಪರೀಕ್ಷೆ ಬರೆದರು. ಎರಡು ವಾರ ಬಿಟ್ಟು ಮಾಡಿಸಿದಾಗ 132 ಬಂತು. ಕೆಳಗಿನ ಮಿತಿ 135. ಬಿ.ಪಿ. ಡಾಕ್ಟರು ಆ ಜೋಡಿ ಮಾತ್ರೆ ತೆಗೆದು ಬರಿಯ ಟೆಲ್ಮಿಸಾರ್ಟಾನ್ ಕೊಟ್ಟರು, ಸೋಡಿಯಂ ಸರಿಹೋಯಿತು. ಇಬ್ಬರು ಡಾಕ್ಟರುಗಳ ನಡುವೆ ಬಿದ್ದು ಹೋಗುತ್ತಿದ್ದ ಒಂದು ಸಂಗತಿಯನ್ನು ಕೌಂಟರಿನ ಹಿಂದೆ ನಿಂತವರು ಹಿಡಿದರು. ನಾಲ್ಕು ಅಂಕದಲ್ಲಿ ಎರಡು ಇದಕ್ಕೇ ಹೋಯಿತು ಎಂದು ಇಟ್ಟುಕೊಳ್ಳಿ.

ಎರಡನೆಯ ಪ್ರಶ್ನೆ ಮಂಡಿನೋವಿನದು. ನಾನು ಆಗಾಗ ಡೈಕ್ಲೋಫಿನ್ಯಾಕ್ ನುಂಗುತ್ತಿದ್ದೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್ ಇಂಥವು ಈ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಭಯ ಹೆಚ್ಚು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ನೋಡಿ, ಸಾಲದಿದ್ದರೆ ಡಾಕ್ಟರನ್ನು ಕೇಳಿ, ಮಲ ಕಪ್ಪಗೆ ಹೋದರೆ ತಡ ಮಾಡಬೇಡಿ ಎಂದರು. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ತಾವಾಗಿಯೇ ಅದನ್ನು ಬಿಟ್ಟುಬಿಡಬೇಡಿ. ಅದು ಡಾಕ್ಟರು ತೂಗಿ ನೋಡಬೇಕಾದ ಲೆಕ್ಕ.

ಅಂದು ನನ್ನ ಹಿಂದೆ ನಾಲ್ಕೈದು ಜನ ನಿಂತಿದ್ದರು, ಒಬ್ಬರು ಗೊಣಗಿದರು ಕೂಡ. ಆಕೆ ತಲೆ ಎತ್ತದೆ ಕವರಿನ ಮೇಲೆ ‘ಬೆಳಿಗ್ಗೆ ತಿಂಡಿಯ ನಂತರ 1’ ಎಂದು ಕನ್ನಡದಲ್ಲಿ ಬರೆದು ಕೊಟ್ಟರು. ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದಂತೆ, ಆದರೆ ಮೊದಲ ದಿನಗಳಲ್ಲಿ ವಾಕರಿಕೆ ಬರುವುದರಿಂದ ತಿಂಡಿ ಆದ ಮೇಲೆ ಒಳ್ಳೆಯದು. ನನಗೂ ವಾಕರಿಕೆ ಬಂತು. ಬಾಯಿ ಒಣಗಿತು, ನಿದ್ರೆ ಇನ್ನಷ್ಟು ಕೆಟ್ಟಿತು. ಒಂದು ವಾರವಾದ ಮೇಲೆ ಅಂಗಡಿಗೆ ಹೋಗಿ, “ಇದೇನು, ಇದ್ದ ಕಾಯಿಲೆಯ ಮೇಲೆ ಇನ್ನೊಂದು ಕಾಯಿಲೆ?” ಎಂದು ದಬಾಯಿಸಿದೆ. ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು, ತೊಂದರೆಗಳು ಮಾತ್ರ ಮೊದಲೇ ಬಂದು ಮೊದಲೇ ಹೋಗುತ್ತವೆ, ತಡೆಯಲಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ನೀವಾಗಿಯೇ ನಿಲ್ಲಿಸಬೇಡಿ ಎಂದರು. ಹಾಗೆಯೇ ಆಯಿತು. ಮೂರನೆಯ ವಾರದ ಹೊತ್ತಿಗೆ ಒಂದು ಬೆಳಿಗ್ಗೆ ಪದಬಂಧಕ್ಕೆ ಪೆನ್ನು ಹುಡುಕುತ್ತಿದ್ದೆ.

ಈ ಮೊದಲ ವಾರಗಳ ಬಗ್ಗೆ ಗಾಜಿಗೆ ಅಂಟಿಸಿದ ಕಾಗದವೊಂದು ಅಲ್ಲಿದೆ, ಕೈಬರಹದ್ದು. ಹರೆಯದವರಿಗೆ, ಇಪ್ಪತ್ತೈದರೊಳಗಿನವರಿಗೆ, ಇಂಥ ಮಾತ್ರೆ ಶುರು ಮಾಡಿದಾಗ ಅಥವಾ ಪ್ರಮಾಣ ಬದಲಿಸಿದಾಗ ಚಡಪಡಿಕೆ, ಸಿಟ್ಟು, ಸಾಯುವ ಯೋಚನೆ ಹೆಚ್ಚಾಗುವುದುಂಟು. ಮನೆಯವರು ಜೊತೆಗಿದ್ದು ನೋಡಿಕೊಳ್ಳಿ, ಕಾಣಿಸಿದ ಕೂಡಲೇ ಡಾಕ್ಟರಿಗೆ ತಿಳಿಸಿ ಎಂಬ ಅರ್ಥದ ನಾಲ್ಕು ಸಾಲು. ಅಮೆರಿಕದಲ್ಲಿ 2004ರಿಂದ ಈ ಎಚ್ಚರಿಕೆಯನ್ನು ಕಪ್ಪು ಚೌಕಟ್ಟಿನೊಳಗೆ ಮುದ್ರಿಸಿಯೇ ಮಾರಬೇಕೆಂಬ ನಿಯಮವಿದೆ. 2007ರಲ್ಲಿ ಅದನ್ನು ಇಪ್ಪತ್ತನಾಲ್ಕರ ವಯಸ್ಸಿನವರೆಗೆ ವಿಸ್ತರಿಸಿದರು. ನಮ್ಮಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಡಬ್ಬಿಯೊಳಗಿನ ಮಾಹಿತಿ ಕಾಗದ ಅಂಗಡಿಯಲ್ಲೇ ಉಳಿಯುತ್ತದೆ. ಅದು ಇರುವುದೂ ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಹಾಗಾಗಿ ಗಾಜಿನ ಮೇಲಿನ ಆ ಕನ್ನಡದ ಕಾಗದಕ್ಕೆ ಬೆಲೆಯಿದೆ. ಅದರ ಕೆಳಗೆ 14416 ಎಂಬ ಸಂಖ್ಯೆ. ಟೆಲಿ ಮನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಈಗ ಇನ್ನೊಂದು ಅಂಗಡಿಯ ಕಥೆ, ಹೋಲಿಕೆಗಾಗಿ. ಮಗನ ಮನೆಗೆಂದು ಬೆಂಗಳೂರಿಗೆ ಹೋದವಳು ಅಲ್ಲಿ ಮಾತ್ರೆ ಮುಗಿಯಿತೆಂದು ಹತ್ತಿರದ ದೊಡ್ಡ, ಹವಾನಿಯಂತ್ರಿತ ಮಳಿಗೆಗೆ ಹೋದೆ. ಚೀಟಿ ಚಾಚಿದರೆ ಹುಡುಗ ನೋಡಲೇ ಇಲ್ಲ, ಹೆಸರು ಹೇಳಿ ಎಂದ. ಹೇಳಿದೆ. ಅರ್ಧ ನಿಮಿಷದಲ್ಲಿ ಸ್ಟ್ರಿಪ್ ಬಂತು. ಬಣ್ಣ ಅದೇ, ಕಂಪನಿ ಅದೇ, ಹೆಸರೂ ಅದೇ, ಕೊನೆಯಲ್ಲಿ ಮಾತ್ರ ‘ಪ್ಲಸ್’ ಎಂದಿತ್ತು. ಉತ್ತರಪತ್ರಿಕೆ ತಿದ್ದಿ ಬೆಳೆದ ಕಣ್ಣಿಗೆ ಅದು ತಪ್ಪುವುದಿಲ್ಲ. ದೊಡ್ಡ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಮಾತ್ರೆಯಲ್ಲಿ ಏನೇನಿದೆ ಎಂದು ಬರೆದಿರುತ್ತಾರಲ್ಲ, ಅಲ್ಲಿ ಎಸಿಟಲೋಪ್ರಾಮ್ ಪಕ್ಕದಲ್ಲಿ ಕ್ಲೊನಜೆಪಾಮ್ ಕೂತಿತ್ತು.

“ಎರಡೂ ಒಂದೇ ಆಂಟಿ, ಇದು ಸ್ವಲ್ಪ ಸ್ಟ್ರಾಂಗ್,” ಎಂದ ಹುಡುಗ.

ಒಂದೇ ಅಲ್ಲ. ಕ್ಲೊನಜೆಪಾಮ್ ಬೇರೆಯೇ ವಂಶದ ಔಷಧಿ. ಆತಂಕವನ್ನೂ ಎಚ್ಚರವನ್ನೂ ತಗ್ಗಿಸುತ್ತದೆ, ತೂಕಡಿಕೆ ತರುತ್ತದೆ, ವಾರಗಟ್ಟಲೆ ತೆಗೆದುಕೊಂಡರೆ ಅಂಟಿಕೊಳ್ಳುತ್ತದೆ. ಕೆಲವರಿಗೆ ಮೊದಲ ಕೆಲವು ದಿನ ಡಾಕ್ಟರು ಬೇಕೆಂದೇ ಕೊಡುತ್ತಾರೆ, ಅದು ಸರಿ. ಬರೆಯದೇ ಇದ್ದವರು ಬೆಳಿಗ್ಗೆ ತಿಂಡಿಯ ನಂತರ ನುಂಗಿ ಸ್ಕೂಟರ್ ಹತ್ತಿದರೆ? ನನ್ನ ವಯಸ್ಸಿನವರು ರಾತ್ರಿ ಬಚ್ಚಲಿಗೆ ಎದ್ದು ಜಾರಿ ಬಿದ್ದರೆ? ಗುರುತಿಸಲು ಒಂದು ಸುಲಭದ ದಾರಿಯಿದೆ: ಚೀಟಿ ಬೇಕಾಗುವ ಔಷಧಿಗಳ ಮೇಲೆ ‘ಆರ್‌ಎಕ್ಸ್’ ಎಂಬ ಗುರುತು ಇರುತ್ತದೆ, ಕ್ಲೊನಜೆಪಾಮ್‌ನಂಥವು ಮಾದಕ ವಸ್ತುಗಳ ಕಾಯಿದೆಯ ಪಟ್ಟಿಗೂ ಸೇರಿರುವುದರಿಂದ ಆ ಗುರುತಿನ ಮುಂದೆ ಒಂದು ‘ಎನ್’ ಸೇರಿಕೊಂಡಿರುತ್ತದೆ. ಹೊಸ ಸ್ಟ್ರಿಪ್ ಕೈಗೆ ಬಂದಾಗ ಹಳೆಯದರ ಪಕ್ಕ ಹಿಡಿದು ಈ ಎರಡು ಜಾಗ ನೋಡಿ. ನಾನು ಹಿಂದಿರುಗಿಸಿದೆ. ಆತ ಬದಲಿಸಿ ಕೊಟ್ಟ, ಮುಖ ಮಾತ್ರ ಹುಳ್ಳಗೆ ಮಾಡಿಕೊಂಡ.

ವಿನೋಬನಗರದವರು ಎಂದಾದರೂ ಬ್ರಾಂಡ್ ಬದಲಿಸಿ ಕೊಟ್ಟರೆ, ಬದಲಿಸಿದ್ದೇವೆ, ಒಳಗಿರುವ ಔಷಧಿ ಇದೇ, ಪ್ರಮಾಣ ಇದೇ ಎಂದು ಎರಡೂ ಸ್ಟ್ರಿಪ್ ತೋರಿಸಿ ಕೊಡುತ್ತಾರೆ. ಸ್ಟ್ರಿಪ್ ಕತ್ತರಿಸುವಾಗಲೂ ಅವರದೊಂದು ಶಿಸ್ತಿದೆ. ಅವಧಿ ಮುಗಿಯುವ ತಾರೀಕು ಸ್ಟ್ರಿಪ್ಪಿನ ಒಂದೇ ಕೊನೆಯಲ್ಲಿ ಒತ್ತಿರುತ್ತದೆ. ಕತ್ತರಿ ಆಚೆ ಬದಿಯಿಂದ ಬಂದರೆ ನಿಮ್ಮ ಪಾಲಿಗೆ ತಾರೀಕಿಲ್ಲದ ನಾಲ್ಕು ಮಾತ್ರೆ ಬರುತ್ತವೆ. ಇಲ್ಲಿ ತಾರೀಕು ಇಲ್ಲದ ತುಂಡು ಕೊಡಬೇಕಾಗಿ ಬಂದರೆ ಕವರಿನ ಮೇಲೆ ತಾರೀಕನ್ನೂ ಬ್ಯಾಚ್ ಸಂಖ್ಯೆಯನ್ನೂ ಬರೆಯುತ್ತಾರೆ. ಕೇಳದೆಯೇ.

ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಕಳೆದ ಸಲ ಬಂದಾಗ ಒಂದು ಬಾಟಲಿ ತಂದಿದ್ದಳು, “ಅಮ್ಮಾ, ಇದು ಗಿಡಮೂಲಿಕೆ, ಅಲ್ಲಿ ಎಲ್ಲರೂ ಮನಸ್ಸಿಗೆಂದು ತೆಗೆದುಕೊಳ್ಳುತ್ತಾರೆ, ಚೀಟಿಯೂ ಬೇಡ” ಎಂದು. ಸೇಂಟ್ ಜಾನ್ಸ್ ವರ್ಟ್ ಎಂದು ಬರೆದಿತ್ತು. ಅಂಗಡಿಗೆ ಒಯ್ದು ತೋರಿಸಿದೆ. ಫಾರ್ಮಸಿಸ್ಟ್ ಬಾಟಲಿ ತಿರುಗಿಸಿ ನೋಡಿ, “ಇದು ನಮ್ಮಲ್ಲಿ ಬರುವುದಿಲ್ಲ ಮೇಡಂ, ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ” ಎಂದರು. ಗೊತ್ತಿಲ್ಲ ಎನ್ನುವ ವಿದ್ಯಾರ್ಥಿಯ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಸಂಜೆ ಫೋನ್ ಬಂತು: ಎಸಿಟಲೋಪ್ರಾಮ್ ಜೊತೆ ಕೂಡದು, ಎರಡೂ ಮೆದುಳಿನ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಏರಿಸುತ್ತವೆ, ಅತಿಯಾದರೆ ಮೈ ನಡುಕ, ಬೆವರು, ಎದೆಬಡಿತ, ಭೇದಿ, ಗೊಂದಲ, ಪ್ರಾಣಕ್ಕೂ ಅಪಾಯ. ಟ್ರಮಡಾಲ್ ಎಂಬ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫನ್ ಇರುವ ಒಣಕೆಮ್ಮಿನ ಸಿರಪ್, ಲಿನೆಝೋಲಿಡ್ ಎಂಬ ಆಂಟಿಬಯೋಟಿಕ್, ಇವುಗಳ ವಿಷಯದಲ್ಲೂ ಇದೇ ಎಚ್ಚರ. ಅಂದಿನಿಂದ ಕೆಮ್ಮಿನ ಸಿರಪ್ ಕೇಳಿದರೂ ಆಕೆ ಮೊದಲು ನನ್ನ ಮುಖ ನೋಡಿ, ಆಮೇಲೆ ಬಾಟಲಿಯ ಹಿಂಬದಿ ಓದುತ್ತಾರೆ. ಬಾಟಲಿಯನ್ನು ಮಗಳು ವಾಪಸು ಒಯ್ದಳು, ತಾನೂ ತೆಗೆದುಕೊಳ್ಳುವುದಿಲ್ಲವಂತೆ.

ಇಲ್ಲ ಎನ್ನುವುದನ್ನೂ ಬಲ್ಲ ಅಂಗಡಿ ಇದು. ಒಮ್ಮೆ ನನ್ನ ಮುಂದೆಯೇ ಒಬ್ಬ ಗಂಡಸು ತನ್ನ ಚೀಟಿ ಕೊಟ್ಟು, ಎರಡು ತಿಂಗಳ ಮಾತ್ರೆ ಕೊಡಿ, ಒಂದು ತಿಂಗಳದ್ದು ನನಗೆ, ಇನ್ನೊಂದು ಹೆಂಡತಿಗೆ, ಅವಳಿಗೂ ಇದೇ ಥರ ಬೇಜಾರು ಎಂದ. “ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸಾರ್. ಒಮ್ಮೆ ಅತಿ ಉತ್ಸಾಹ, ಒಮ್ಮೆ ಬೇಜಾರು ಹೀಗೆ ಬರುವ ಕಾಯಿಲೆ ಇದ್ದರೆ ಈ ಮಾತ್ರೆ ಕೆಡಿಸಬಹುದು. ಬಸುರಿಯೋ, ಹಾಲುಣಿಸುತ್ತಿದ್ದಾರೋ ಎಂದೂ ನೋಡಬೇಕು,” ಎಂದರು. ಆತ ಬೇರೆ ಅಂಗಡಿಗೆ ಹೋಗುತ್ತೇನೆ ಎಂದ. ಹೋಗಿ ಎಂದರು. ವ್ಯಾಪಾರ ಕಳೆದುಕೊಂಡದ್ದಕ್ಕೆ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕರ ಮುಖದಲ್ಲಿ ಕಂಡಿತು.

ನನಗೂ ಒಮ್ಮೆ ಇಲ್ಲ ಎಂದಿದ್ದಾರೆ. ಚೀಟಿಯ ಅವಧಿ ಮುಗಿದಿತ್ತು, ಡಾಕ್ಟರು ಊರಲ್ಲಿರಲಿಲ್ಲ, ದೀಪಾವಳಿ ಎದುರಿಗಿತ್ತು. ಆಗ ಅವರು ಮಾಡಿದ್ದು ಇಷ್ಟು: ಕ್ಲಿನಿಕ್ಕಿಗೆ ತಾವೇ ಫೋನ್ ಹಚ್ಚಿ, ಅಲ್ಲಿಂದ ಡಾಕ್ಟರ ಒಪ್ಪಿಗೆಯನ್ನು ಮೊಬೈಲಿಗೆ ಬರೆಸಿಕೊಂಡು, ಹಬ್ಬ ಮುಗಿಯುವವರೆಗೆ ಸಾಲುವಷ್ಟು ಕೊಟ್ಟರು. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವಂತಿಲ್ಲ. ದೇಹದೊಳಗೆ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಮೂವತ್ತು ಗಂಟೆ ಸಾಕು. ಎರಡು ಮೂರು ದಿನ ತಪ್ಪಿದರೆ ತಲೆಸುತ್ತು, ಕೆಟ್ಟ ಕನಸು, ಕಿರಿಕಿರಿ, ತಲೆಯೊಳಗೆ ಕರೆಂಟು ಹಾಯ್ದ ಅನುಭವ ಹಲವರಿಗೆ ಆಗುತ್ತದೆ. ಬಿಡಬೇಕಾದಾಗ ಡಾಕ್ಟರು ಮೆಲ್ಲಗೆ ಇಳಿಸುತ್ತಾ ಬರುತ್ತಾರೆ. ನಾನು ಚೆನ್ನಾಗಿದ್ದೇನೆ, ಇನ್ನು ಬಿಡಬಹುದಲ್ಲ ಎಂದು ಫಾರ್ಮಸಿಸ್ಟ್ ಹತ್ತಿರ ಬಾಯಿ ಬಿಟ್ಟಾಗ ಆಕೆ ತಲೆಯಾಡಿಸಿ, ಅದು ಡಾಕ್ಟರು ಹೇಳಬೇಕಾದ ಮಾತು ಎಂದರು. ಡಾಕ್ಟರು ಹೇಳಿದ್ದು: ಪೂರ್ತಿ ಚೇತರಿಸಿಕೊಂಡ ನಂತರವೂ ಕನಿಷ್ಠ ಆರು ತಿಂಗಳು. ಒಂದು ದಿನ ಮರೆತರೆ? ಅದೇ ದಿನ ಮಲಗುವುದರೊಳಗೆ ನೆನಪಾದರೆ ತೆಗೆದುಕೊಳ್ಳುವುದು, ಮರುದಿನ ನೆನಪಾದರೆ ಬಿಟ್ಟುಬಿಡುವುದು, ಎರಡನ್ನು ಒಟ್ಟಿಗೆ ನುಂಗದೇ ಇರುವುದು. ಇದನ್ನೂ ಕವರಿನ ಮೇಲೆ ಬರೆದುಕೊಟ್ಟಿದ್ದಾರೆ. ಆ ಕವರು ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಮಾತ್ರೆ ಫ್ರಿಜ್ಜಿನಲ್ಲಿಲ್ಲ, ಮೊಮ್ಮಕ್ಕಳ ಕೈಗೆಟುಕದ ಮೇಲಿನ ಕಪಾಟಿನಲ್ಲಿದೆ.

ಇನ್ನು ಕಳೆದ ಅಂಕದ ಲೆಕ್ಕ.

ಅಂಗಡಿಯಲ್ಲಿ ಇಬ್ಬರು ಹುಡುಗರಿದ್ದಾರೆ. ಅವರಲ್ಲೊಬ್ಬ ಒಳಗಿನಿಂದ ಸ್ಟ್ರಿಪ್ ತಂದು, ಜನ ತುಂಬಿದ ಸಂಜೆ, “ಡಿಪ್ರೆಶನ್ ಮಾತ್ರೆ ಯಾರದ್ದು?” ಎಂದು ಕೂಗಿದ. ನನಗೆ ನಾಚಿಕೆಯಿಲ್ಲ, ನನ್ನದು ಎಂದೆ. ಆದರೆ ಪಕ್ಕದಲ್ಲಿ ದುಪಟ್ಟಾ ಎಳೆದುಕೊಂಡು ನಿಂತಿದ್ದ ಕಾಲೇಜು ಹುಡುಗಿ ಕೈಯಲ್ಲಿದ್ದ ಚೀಟಿ ಮಡಚಿಕೊಂಡು ಮೆಟ್ಟಿಲಿಳಿದು ಹೋದಳು. ಆಕೆಯ ಚೀಟಿಯಲ್ಲಿ ಏನಿತ್ತೋ, ಬೇರೆಲ್ಲಿ ಕೊಂಡಳೋ, ಕೊಳ್ಳಲೇ ಇಲ್ಲವೋ. ಮಾಲೀಕರಿಗೆ ಹೇಳಿದೆ. “ಹುಡುಗ ಅಲ್ಲವೇ ಮೇಡಂ” ಎಂದು ನಕ್ಕರು. ಆ ನಗುವಿಗಾಗಿ ಅರ್ಧ ಅಂಕ ಹೋಯಿತು. ಉಳಿದ ಅರ್ಧ, ದಾಸ್ತಾನಿನ ವಿಷಯಕ್ಕೆ. ಐದು ಮಿಲಿಗ್ರಾಮಿನ ಮಾತ್ರೆ ಆಗಾಗ ಮುಗಿದಿರುತ್ತದೆ, ‘ಸೋಮವಾರ ಬರುತ್ತದೆ’ ಎನ್ನುತ್ತಾರೆ, ಬರುವುದು ಬುಧವಾರ. ನಡುವೆ ಗೆರೆಯಿರುವ ಹತ್ತರ ಮಾತ್ರೆಯನ್ನು ಮುರಿದು ಅರ್ಧ ನುಂಗಬಹುದು ಎಂದು ಡಾಕ್ಟರು ಒಪ್ಪಿದ್ದರಿಂದ ನನಗೆ ನಡೆಯಿತು, ಎಲ್ಲ ಮಾತ್ರೆಗೂ ಆ ಗೆರೆ ಇರುವುದಿಲ್ಲ. ಚಿಲ್ಲರೆಯ ಬದಲು ಚಾಕೊಲೇಟು ಕೊಡುವ ಅವರ ಅಭ್ಯಾಸಕ್ಕೂ ಅಂಕ ಕಳೆಯಬೇಕೆಂದಿದ್ದೆ, ನನಗೆ ಸಕ್ಕರೆ ಕಾಯಿಲೆ ಇಲ್ಲದ್ದರಿಂದ ಬಿಟ್ಟಿದ್ದೇನೆ.

ಬೆಲೆಯಲ್ಲಿ ರಿಯಾಯಿತಿ ಇಲ್ಲ, ಮುದ್ರಿತ ದರವೇ. ತಿಂಗಳುಗಟ್ಟಲೆ ತೆಗೆದುಕೊಳ್ಳುವ ಮಾತ್ರೆಗೆ ಇದು ಹಗುರದ ಮಾತಲ್ಲ. ಕೈ ಬಿಗಿಯಿರುವವರು ಜನೌಷಧಿ ಕೇಂದ್ರದಲ್ಲಿ ಎಸಿಟಲೋಪ್ರಾಮ್ ಎಂದೇ ಕೇಳಿ, ಅದೇ ಔಷಧಿ, ಅರ್ಧಕ್ಕಿಂತ ಕಡಿಮೆ ದುಡ್ಡು. ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ವಿಚಾರಿಸಬಹುದು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ನಮ್ಮ ರಾಜ್ಯದ್ದೇ. ಮೊಬೈಲಿನಲ್ಲಿ ತರಿಸುವ ಸೇವೆಯನ್ನೂ ಮಗ ಮಾಡಿಕೊಟ್ಟು ನೋಡಿದ. ರಿಯಾಯಿತಿ ಇತ್ತು, ಮನೆ ಬಾಗಿಲಿಗೆ ಬಂತು, ಯಾರೂ ಕೂಗಲಿಲ್ಲ. ನಾಚಿಕೆಯಿಂದ ಅಂಗಡಿಗೇ ಹೋಗದವರಿಗೆ ಅದು ದೊಡ್ಡ ಸೌಕರ್ಯ ಎಂದು ಒಪ್ಪುತ್ತೇನೆ. ಆದರೆ ಬಿ.ಪಿ.ಗೆ ಏನು ತೆಗೆದುಕೊಳ್ಳುತ್ತೀರಿ ಎಂದು ಆ ರಟ್ಟಿನ ಡಬ್ಬಿ ನನ್ನನ್ನು ಕೇಳಲಿಲ್ಲ.

ಹೋಗುವವರಿಗೆ: ಫಾರ್ಮಸಿಸ್ಟ್ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಾರೆ, ಮಧ್ಯಾಹ್ನ ಊಟಕ್ಕೆ ಹೋಗಿ ನಾಲ್ಕರ ಮೇಲೆ ಮತ್ತೆ ಸಿಗುತ್ತಾರೆ. ಸಂಜೆ ಆರರ ನಂತರ ಗದ್ದಲ, ಹುಡುಗರ ರಾಜ್ಯ. ಭಾನುವಾರ ರಜೆ. ಹೊಸದಾಗಿ ಮಾತ್ರೆ ಶುರು ಮಾಡುವವರು ಬೆಳಿಗ್ಗೆ ಹೋಗಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಕಷಾಯದ ಪುಡಿಯನ್ನೂ ಬಿಡದೆ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಗಾಡಿ ನಿಲ್ಲಿಸಲು ಎದುರಿನ ಪಾರ್ಕಿನ ಪಕ್ಕ ಜಾಗವಿದೆ. ಚಿಲ್ಲರೆ ಇಟ್ಟುಕೊಂಡಿರಿ.